ಮೊದಲು ತೂಗುವ ತಲೆ

ಆ ಊರಿನಲ್ಲಿ ಹಾಡು ಶುರುವಾದರೆ ಜನ ಹಾಡುವವನ ಕಡೆ ನೋಡುತ್ತಿರಲಿಲ್ಲ. ಒಂದು ಕೇದಗೆ ಹೂವಿನ ಕಡೆ ನೋಡುತ್ತಿದ್ದರು.

ಹೂವು ಒಬ್ಬ ಹೆಂಗಸಿನ ಮುಡಿಯಲ್ಲಿರುತ್ತಿತ್ತು. ಹೆಂಗಸು ಮಂಟಪದ ಮುಂದಿನ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ ಎತ್ತರದ ಮಣೆಯ ಮೇಲೆ ಕೂತಿರುತ್ತಿದ್ದಳು. ಅವಳನ್ನು ಊರು ಕರೆಯುತ್ತಿದ್ದದ್ದು ಮೊದಲ ತಲೆ ಎಂದು. ಅವಳು ತಲೆದೂಗಿದರೆ ಕೇದಗೆ ತೂಗುತ್ತಿತ್ತು, ಕೇದಗೆ ತೂಗಿದರೆ ಊರು ತೂಗುತ್ತಿತ್ತು. ಅವಳು ತಲೆ ಕೊಡವಿದರೆ ಊರೂ ಕೊಡವುತ್ತಿತ್ತು; ಹಾಡಿದವನು ತಂಬೂರಿಗೆ ಗವಸು ಹಾಕಿಕೊಂಡು ಬಂದ ದಾರಿ ಹಿಡಿಯುತ್ತಿದ್ದ. ಕಟ್ಟಳೆ ಇಷ್ಟೇ: ಮೊದಲ ತಲೆಗಿಂತ ಮೊದಲು ಇನ್ನೊಂದು ತಲೆ ಅಲುಗಕೂಡದು.

ಈ ಕಟ್ಟಳೆಯನ್ನು ಯಾರು ಮಾಡಿದರೋ ಯಾರಿಗೂ ಗೊತ್ತಿರಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಬೇಕಾದರೂ ಮೊದಲ ತಲೆಯನ್ನೇ ನೋಡಬೇಕಿತ್ತು. ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ.

ಈ ಕೆಲಸ ಅವಳಿಗೆ ಅತ್ತೆಯಿಂದ ಬಂದದ್ದು, ಬೀಗದಕೈ ಗೊಂಚಲು ಬಂದ ಹಾಗೆ. ಹೊಸದಾಗಿ ಸೊಸೆಯಾಗಿ ಬಂದಾಗ ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು ತೊಡೆ ಚಿವುಟಿ ಕಲಿಸಿದ್ದಳು. ಮದ್ದಳೆ ಉರುಳುರುಳಿ ಬಂದು ನಿಲ್ಲುವ ಕಡೆ ಒಂದು ಚಿವುಟು. ಹಾಡುವವನು ಕಣ್ಣು ಮುಚ್ಚಿ ಕೈ ಮೇಲೆತ್ತಿದ ಕಡೆ ಒಂದು ಚಿವುಟು. ಪಲ್ಲವಿಗೆ ಮರಳುವ ಕಡೆ ನವಿರಾಗಿ ಇನ್ನೊಂದು. ತೊಡೆಯ ಕಲೆಗಳು ಮಾಯುವಷ್ಟರಲ್ಲಿ ಕುತ್ತಿಗೆ ಪಾಠ ಕಲಿತಿತ್ತು. ಆಮೇಲೆ ಕುತ್ತಿಗೆ ತನ್ನಷ್ಟಕ್ಕೆ ಮಂಟಪದಲ್ಲಿ ದುಡಿಯುತ್ತಿರುವಾಗ, ಅವಳು ಒಳಗೊಳಗೇ ಹುರುಳಿ ನೆನೆಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತ ಕೂರಬಹುದಿತ್ತು. ಹೀಗೆ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ತಲೆದೂಗಿ, ಲೆಕ್ಕವಿಲ್ಲದಷ್ಟು ಹುರುಳಿ ನೆನೆಹಾಕಿ, ಅವಳು ನಲವತ್ತು ದಾಟಿದಳು.

ಮನೆಯಲ್ಲೂ ಬಿಡುಗಡೆಯಿರಲಿಲ್ಲ. "ಸಾರು ಹೇಗಿದೆ?" ಎಂದು ಗಂಡನನ್ನು ಕೇಳಿದರೆ ಅವನು ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಅವಳ ತಲೆಯನ್ನೇ ನೋಡುತ್ತಿದ್ದ.

"ನನ್ನ ಮುಖದಲ್ಲೇನು ಸಾರಿದೆಯಾ? ನಾಲಿಗೆ ನಿಮ್ಮದಲ್ವಾ?"

"ನಾಲಿಗೆ ನಂದೇ ಕಣೇ. ಆದರೂ ನೀನೊಂದು ಸಲ ತೂಗಿಬಿಟ್ಟರೆ ನೆಮ್ಮದಿಯಾಗಿ ನುಂಗಬಹುದು."

ಅವಳು ತೂಗುತ್ತಿದ್ದಳು. ಅವನು ನುಂಗುತ್ತಿದ್ದ.

ಒಂದು ದಿನ ಮಧ್ಯಾಹ್ನ ಸಂತೆಯ ಬಯಲಿನ ಕೆಳಗಿನಿಂದ ಒಂದು ಸದ್ದು ಬಂತು. ಬಯಲಿನ ಅಡಿಯಲ್ಲಿ ಹಳೆಯ ಕಾಲದ ಹಗೇವು ಇತ್ತು: ಇಡೀ ಊರಿನ ಜೋಳ ತುಂಬಿಡಲು ನೆಲದೊಳಗೆ ತೋಡಿದ ದೊಡ್ಡ ಕಣಜ, ಮೇಲೆ ಒಬ್ಬರು ಇಳಿಯುವಷ್ಟು ಬಾಯಿ. ಎಷ್ಟೋ ಕಾಲದಿಂದ ಬರಿದಾಗಿ ಬಿದ್ದಿತ್ತು. ಈಗ ಅದರೊಳಗಿಂದ ಯಾರೋ ಕಬ್ಬಿಣವನ್ನು ಉಜ್ಜುವ ಸದ್ದು, ನೀರು ಗುಳುಗುಳು ಎನ್ನುವ ಸದ್ದು, ನಡುನಡುವೆ ಏನೂ ಇಲ್ಲದ ಸದ್ದು. ಚೌಕಾಸಿ ಮಾಡುತ್ತಿದ್ದವರು ಬೆಲೆ ಮರೆತು ನಿಂತರು. ತಕ್ಕಡಿಗಳು ಗಾಳಿಯಲ್ಲೇ ನಿಂತವು. ಹೆದರಬೇಕೋ ಹಿಗ್ಗಬೇಕೋ ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಕೇದಗೆ ಅಲ್ಲಿರಲಿಲ್ಲ.

ಡಂಗುರ ಸಾರುವವನು ಒಂದೇ ಉಸಿರಿಗೆ ಮೊದಲ ತಲೆಯ ಮನೆಗೆ ಓಡಿಬಂದ.

"ಅಕ್ಕಾ, ಬೇಗ ಬಾ. ನೆಲದೊಳಗೆ ಯಾರೋ ನುಡಿಸ್ತಾವ್ರೆ. ಅದು ಸಂಗೀತವೋ, ಪಾತ್ರೆಗೆ ಕಲಾಯಿ ಹಾಕ್ತಾವ್ರೋ, ಒಂದೂ ಗೊತ್ತಾಯ್ತಿಲ್ಲ."

"ಕೇಳೋಕೆ ಹೇಗಿದೆ?"

"ಅದನ್ನ ನೀನಲ್ವಾ ಹೇಳಬೇಕು?" ಎಂದ ಸಾರುವವನು, ನಿಜವಾಗಿ ಬೆರಗಾಗಿ.

ಹಗೇವಿನ ಬಾಯಿಯ ಹತ್ತಿರ ಊರ ಹಿರಿಯ ನಿಂತಿದ್ದ. ಒಳಗಿರುವವರು ಎಲ್ಲಿಂದಲೋ ಬಂದ ಮೂವರು ಎಂದು ಅವನು ತಿಳಿದುಕೊಂಡಿದ್ದ. ಮಂಟಪದಲ್ಲಿ ಜಾಗ ಬೇಕಾದರೆ ಮೊದಲ ತಲೆ ತೂಗಿರಬೇಕು. ಮೊದಲ ತಲೆ ತೂಗಬೇಕಾದರೆ ಮಂಟಪದಲ್ಲಿ ನುಡಿಸಿರಬೇಕು. ಹೀಗಾಗಿ ಹೊಸಬರಿಗೆ ನೆಲದಡಿಯೇ ಗತಿಯಾಗಿತ್ತು. ಹಿರಿಯ ಒಂದು ಹೊಸ ಕೇದಗೆಯನ್ನು ಅವಳ ಕೈಗೆ ಕೊಟ್ಟ.

"ನೋಡು ತಾಯಿ, ಊರಿಗೆ ಊರೇ ಕುತ್ತಿಗೆ ಬಿಗಿಹಿಡಿದು ಕೂತಿದೆ. ಈ ಹೂವು ಬಾಡೋದರೊಳಗೆ ಏನಾದರೊಂದು ಹೇಳಿಬಿಡು. ತೂಗಿದೆಯೋ, ಅವರಿಗೆ ಮಂಟಪ. ಕೊಡವಿದೆಯೋ, ಅವರು ಗಂಟುಮೂಟೆ ಕಟ್ಟಬೇಕು, ಈ ಬಾಯಿಗೆ ಚಪ್ಪಡಿ ಬೀಳಬೇಕು. ಆಮೇಲೆ ನಮ್ಮ ಎಲ್ಲೆಯೊಳಗೆ ಈ ಬಗೆಯ ಸದ್ದು ಯಾವ ಕಾಲಕ್ಕೂ ಏಳಬಾರದು."

ಚಪ್ಪಡಿ ಆಗಲೇ ಬಂದಿತ್ತು. ಅದರ ನಾಲ್ಕು ಮೂಲೆಗೆ ನಾಲ್ವರು ಹಾರೆಕೋಲು ಹಿಡಿದು ನಿಂತಿದ್ದರು.

ಮೊದಲು ದೀಪ ಇಳಿಸಿ ನೋಡಿದರು. ಒಳಗಿನ ಗಾಳಿಗೆ ದೀಪ ಆರಲಿಲ್ಲ; ಅದನ್ನು ಮೇಲಕ್ಕೆ ಎಳೆದುಕೊಂಡರು. ಆಮೇಲೆ ಅವಳು ಹೂವು ಮುಡಿದು, ಸೆರಗು ಸಿಕ್ಕಿಸಿ ಏಣಿಯಲ್ಲಿ ಇಳಿದಳು.

ಏಣಿಯ ಬುಡದಲ್ಲಿ ಒಂದು ತಟ್ಟೆಯಷ್ಟು ಬೆಳಕು ಬಿದ್ದಿತ್ತು. ಅದರಾಚೆ ಕತ್ತಲೆ, ಹಳೆಯ ಜೋಳದ ವಾಸನೆ. ಕಣ್ಣು ಹೊಂದಿಕೊಂಡ ಮೇಲೆ ಮೂವರು ಮಬ್ಬಾಗಿ ಕಂಡರು. ಒಬ್ಬ ಮುದುಕ ಕೊಡದಿಂದ ಕೊಡಕ್ಕೆ ನೀರು ಹೊಯ್ಯುತ್ತಿದ್ದ, ಹೊಯ್ದದ್ದನ್ನು ಕಿವಿಗೊಟ್ಟು ಕೇಳುತ್ತಿದ್ದ. ಒಬ್ಬ ಹೆಂಗಸು ಬೋರಲು ಹಾಕಿದ ಬಾಣಲೆಯ ಬೆನ್ನಿನ ಮೇಲೆ ಸೌಟಿನ ಅಂಚನ್ನು ನಿಧಾನವಾಗಿ ಎಳೆಯುತ್ತಿದ್ದಳು. ಮೂರನೆಯವನು ತೊಡೆಯ ಮೇಲೆ ಒಂದು ಚರ್ಮದ ವಾದ್ಯ ಇಟ್ಟುಕೊಂಡು, ಕೈ ಕಟ್ಟಿ ಕೂತಿದ್ದ.

"ಅವರು ಯಾವಾಗ ಬಾರಿಸ್ತಾರೆ?" ಎಂದು ಅವಳು ಪಿಸುಗುಟ್ಟಿದಳು.

"ಬಾರಿಸಬೇಕು ಅಂತ ಅವನಿಗಿನ್ನೂ ಅನ್ನಿಸಿಲ್ಲ," ಎಂದಳು ಬಾಣಲೆಯವಳು.

"ಎಷ್ಟು ದಿನದಿಂದ?"

"ನಾವು ಜೊತೆಯಾದಾಗಿನಿಂದ. ತುಂಬಾ ಎಚ್ಚರದ ಮನುಷ್ಯ."

ಮೊದಲ ತಲೆ ಕೂತಳು. ಸದ್ದು ಮತ್ತೆ ಎದ್ದಿತು. ಕುತ್ತಿಗೆ ತನ್ನ ಜಾಗವನ್ನು ಹುಡುಕಿತು. ಉರುಳಿ ಬಂದು ನಿಲ್ಲುವ ಕಡೆ ಯಾವುದು? ಇರಲಿಲ್ಲ. ಮರಳುವ ಪಲ್ಲವಿ ಯಾವುದು? ಹೋದದ್ದು ಯಾವುದೂ ಮರಳಲಿಲ್ಲ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟವರ ಹಾಗೆ ಅವಳ ಕುತ್ತಿಗೆ ಮತ್ತೆ ಮತ್ತೆ ಮುಗ್ಗರಿಸಿತು.

"ಎಲ್ಲಿ ತೂಗಬೇಕು, ಅದನ್ನಾದರೂ ಹೇಳಿ," ಎಂದಳು ಸೋತು.

"ಒಳ್ಳೆ ಚೆನ್ನಾಯ್ತು! ಅದನ್ನ ನಮ್ಮನ್ನ ಕೇಳ್ತೀಯಲ್ಲ ತಾಯಿ. ಕುತ್ತಿಗೆ ಯಾರದು?" ಎಂದ ಕೊಡದ ಮುದುಕ.

ಅವಳು ಎದ್ದು ಸೆರಗು ಸಿಕ್ಕಿಸಿದಳು. ಏಣಿ ಹತ್ತಿದಳು. ಹಗೇವಿನ ಬಾಯಿ ಚಿಕ್ಕದು, ಹಣೆ ಬಡಿಯದಿರಲೆಂದು ತಲೆಯನ್ನು ಆಚೆ ಈಚೆ ಬಾಗಿಸಿ ಹೊರಗೆ ಬಂದಳು. ಅಷ್ಟೇ ಸಾಕಾಯಿತು. ಬಯಲಿನ ಒಂದು ಮಗ್ಗುಲಲ್ಲಿದ್ದವರೆಲ್ಲ ಕಣ್ಣು ಅರೆಮುಚ್ಚಿ ತೂಗತೊಡಗಿದರು.

"ಆಹಾ! ಏನು ನಾದ!" ಎಂದ ಗಾಣದವನು.

"ನನಗೆ ಮೊದಲೇ ಗೊತ್ತಿತ್ತು ಬಿಡಿ," ಎಂದಳು ಅವನ ಹೆಂಡತಿ, ಕಣ್ಣೊರೆಸಿಕೊಳ್ಳುತ್ತ.

"ಅಯ್ಯೋ, ಇಲ್ಲ ಇಲ್ಲ!" ಎಂದು ಮೊದಲ ತಲೆ ಗಾಬರಿಯಿಂದ ತಲೆ ಕೊಡವಿದಳು. ಕೂಡಲೇ ಇನ್ನೊಂದು ಮಗ್ಗುಲಲ್ಲಿದ್ದವರು ಕೊಡವಿ, ಕಿವಿ ಮುಚ್ಚಿ, ಛೀ ಎಂದರು. ಹಾರೆಕೋಲಿನವರು ಚಪ್ಪಡಿಯನ್ನು ಒಂದು ಮೊಳ ಮುಂದೆ ತಳ್ಳಿಯೇಬಿಟ್ಟರು. ಆ ಹೊತ್ತಿನಲ್ಲಿ ಒಳಗೆ ಒಂದು ಸದ್ದೂ ಇರಲಿಲ್ಲ. ಮೂವರೂ ರೊಟ್ಟಿ ತಿನ್ನಲು ಕೂತಿದ್ದರು.

"ನಿಲ್ಲಿಸ್ರೀ!" ಎಂದು ಅವಳು ಕೂಗಿದಳು. "ನಾನಿನ್ನೂ ಏನೂ ಹೇಳಿಲ್ಲ. ತಲೆ ತಗಲೀತು ಅಂತ ಬಾಗಿದೆ ಅಷ್ಟೇ."

ಮೆಚ್ಚಿದವರು ಮೆಚ್ಚುಗೆಯನ್ನು, ಹೇಸಿದವರು ಹೇಸಿಗೆಯನ್ನು ಅಲ್ಲಲ್ಲೇ ಕೆಳಗಿಟ್ಟು, ಮತ್ತೆ ಅವಳ ಕಡೆ ನೋಡಿದರು. ಆ ಕಣ್ಣುಗಳಲ್ಲಿ ಏನೂ ಇರಲಿಲ್ಲ. ತೊಳೆದು ಬೋರಲು ಹಾಕಿದ ಪಾತ್ರೆಗಳ ಹಾಗಿದ್ದವು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಭಯವಾಯಿತು. ಊರಿನ ಭಯವಲ್ಲ ಅದು; ತನ್ನ ಕಣ್ಣೂ ಹಾಗೆಯೇ ಇರಬಹುದೆಂಬ ಭಯ.

ಮನೆಗೆ ಬಂದು ಅತ್ತೆಯ ಹತ್ತಿರ ಕೂತಳು. ಅತ್ತೆ ಎಲೆಅಡಿಕೆ ಕುಟ್ಟುತ್ತಿದ್ದಳು.

"ಅತ್ತೇ, ನೀವು ಇಷ್ಟು ಕಾಲ ತೂಗಿದಿರಲ್ಲ, ಅದರಲ್ಲಿ ಯಾವುದಾದರೂ ನಿಮಗೆ ಹಿಡಿಸಿತ್ತಾ?"

"ಹಿಡಿಸೋದು ಅಂದರೆ ಏನೇ? ಒಂದು ದಿನ ತಪ್ಪಿ ತೂಗಿದವಳಲ್ಲ ನಾನು."

"ಅದಲ್ಲ ಅತ್ತೆ. ಒಳಗಿಂದ."

ಕುಟ್ಟುವ ಸದ್ದು ನಿಂತಿತು. ಅತ್ತೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. "ಒಂದು ಸಲ ಗಾಣದ ಮುಂದೆ ಹೋಗ್ತಿದ್ದೆ. ಎಣ್ಣೆ ಕಾಣದ ಗಾಣ, ಕಿರ್ರೋ ಅಂತ ಸುತ್ತುತಿತ್ತು. ಕಾಲು ನಿಂತುಬಿಡ್ತು ನೋಡು. ಕುತ್ತಿಗೆ ಇನ್ನೇನು ಹೊರಟಿತ್ತು, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಕೊಂಡು ಓಡಿಬಂದೆ."

"ಯಾಕೆ?"

"ಯಾಕೆ ಅಂತೀಯಲ್ಲ! ನಾನು ತೂಗಿ, ಊರೆಲ್ಲ ಕೆಲಸ ಬಿಟ್ಟು ಗಾಣದ ಮುಂದೆ ಕೂತುಬಿಟ್ಟಿದ್ದರೆ?" ಅತ್ತೆ ಮತ್ತೆ ಕುಟ್ಟತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, ಅಡಿಕೆಗೆ ಹೇಳುವಂತೆ, "ಚೆನ್ನಾಗಿತ್ತು ಅದು," ಎಂದಳು.

ಮಾರನೆಯ ದಿನ ಅವಳು ಮತ್ತೆ ಇಳಿದಳು. ಅದರ ಮಾರನೆಯ ದಿನವೂ ಇಳಿದಳು. ದೀಪ ಇಳಿಯಿತು, ಅವಳು ಇಳಿದಳು. ನೀರು ಹೊಯ್ದರು, ಬಾಣಲೆ ಉಜ್ಜಿದರು, ಕೈ ಕಟ್ಟಿದವನು ಕೈ ಕಟ್ಟಿಯೇ ಇದ್ದ. ಮೊದಮೊದಲು ಹುರುಳಿಯ ಯೋಚನೆಗೆ ಹೋಗಲು ನೋಡಿದಳು, ಆಗಲಿಲ್ಲ; ಈ ಸದ್ದು ಯೋಚನೆಗೆ ಜಾಗವನ್ನೇ ಬಿಡುತ್ತಿರಲಿಲ್ಲ. ಆಮೇಲೆ ಸಿಟ್ಟು ಬಂತು. ತನ್ನನ್ನು ಆಡಿಕೊಳ್ಳುತ್ತಿದ್ದಾರೆ ಅನ್ನಿಸಿತು. ಆಮೇಲೆ ನಿದ್ದೆ ಬಂತು. ನಿದ್ದೆಯಿಂದ ಎದ್ದಾಗ ಕೊಡದವನು ಒಂದು ಸಣ್ಣ ಕೊಡವನ್ನು ದೊಡ್ಡದರೊಳಗೆ ಬಗ್ಗಿಸುತ್ತಿದ್ದ, ನೀರಿಗೆ ಬೀಳುವ ಮೊದಲು ಅದು ಉಸಿರೆಳೆದುಕೊಳ್ಳುವಂಥ ಸದ್ದು ಮಾಡಿತು. ಏನು ಹೇಳಲಿದೆ ಇದು? ಎಂದುಕೊಂಡಳು. ಅದು ಏನೂ ಹೇಳಲಿಲ್ಲ. ಹೇಳಲಿಲ್ಲವೆಂದೇ ಅವಳು ಮತ್ತೆ ಕಾದಳು. ಮನೆಗೆ ಹೋಗಿ ಬಾವಿಯಲ್ಲಿ ನೀರು ಸೇದುವಾಗ ಕೊಡ ಮುಳುಗುವ ಹೊತ್ತಿಗೆ ಹಗ್ಗ ಹಿಡಿದ ಕೈ ತಾನಾಗಿ ತಡೆಯಿತು.

ಮತ್ತೆ ಒಂದು ದಿನ ಬಾಣಲೆಯವಳು ಸೌಟನ್ನು ಎಂದಿಗಿಂತ ನಿಧಾನವಾಗಿ, ಎಂದಿಗಿಂತ ಉದ್ದಕ್ಕೆ ಎಳೆದಳು. ಮೊದಲ ತಲೆಗೆ ಹಲ್ಲಿನ ಬುಡದಲ್ಲಿ ಮರಳು ಸಿಕ್ಕಿದಂತಾಯಿತು. ಬೆನ್ನಹುರಿಯ ಮೇಲೆ ಯಾರೋ ಉಗುರು ಎಳೆದಂತಾಯಿತು. ಮೈಯೆಲ್ಲ ಒಂದೇ ಮಾತು ಹೇಳಿತು: ಬೇಡ. ಯಾರೂ ಅವಳನ್ನು ಚಿವುಟಿರಲಿಲ್ಲ. ಯಾರೂ ಪಕ್ಕದಲ್ಲಿ ಕೂತಿರಲಿಲ್ಲ. ಈ ಬೇಡ ಎನ್ನುವುದು ಅವಳ ಸ್ವಂತದ್ದಾಗಿತ್ತು, ಅವಳ ಮೈಯಲ್ಲೇ ಹುಟ್ಟಿ ಬೆಳೆದದ್ದು. ಅವಳು ತಡೆಯಲಾರದೆ ನಕ್ಕಳು.

"ನಿಮ್ಮ ಬಾಣಲೆ ನನಗೆ ಹಿಡಿಸಲಿಲ್ಲ!"

ಬಾಣಲೆಯವಳು ಸೌಟು ಕೆಳಗಿಟ್ಟು ಹತ್ತಿರ ಸರಿದಳು. "ಹೌದಾ? ಎಲ್ಲಿ ಹಿಡಿಸಲಿಲ್ಲ?"

"ಹಲ್ಲಿನ ಬುಡದಲ್ಲಿ. ಬೆನ್ನಲ್ಲಿ. ನಿಮ್ಮ ಕೈ ಮುರಿಯೋಣ ಅನ್ನಿಸಿತು."

"ಅಬ್ಬಾ, ಅಷ್ಟು ಆಳಕ್ಕೆ ಹೋಯ್ತಾ!" ಅವಳ ದನಿಯಲ್ಲಿ ನಿಜವಾದ ಸಂತೋಷವಿತ್ತು. "ಮತ್ತೆ ಇವರ ಕೊಡ?"

"ಗೊತ್ತಿಲ್ಲ. ನಾಳೆಯೂ ಕೇಳಬೇಕು ಅನ್ನಿಸುತ್ತೆ, ಅಷ್ಟು ಮಾತ್ರ ಗೊತ್ತು."

"ಅವನದ್ದು?"

ಮೊದಲ ತಲೆ ಕೈ ಕಟ್ಟಿದವನ ಕಡೆ ನೋಡಿದಳು. "ಅವರು ಬಾರಿಸಿಬಿಟ್ಟರೆ ಏನು ಗತಿ ಅಂತ ಭಯ ಆಗುತ್ತೆ."

ಕೈ ಕಟ್ಟಿದವನು, "ನನಗೂ ಅಷ್ಟೇ," ಎಂದ. ಅವನು ಮಾತಾಡಿದ್ದು ಅದೊಂದೇ.

ಆಮೇಲೆ ಅವಳಿಗೆ ಮೇಲಿರುವ ಚಪ್ಪಡಿ ನೆನಪಾಯಿತು. ನಗು ಇಂಗಿತು. ಕೇದಗೆಯ ಎಸಳು ಮುಟ್ಟಿ ನೋಡಿದಳು. ಅಂಚು ಒಣಗಿ ಸುರುಳಿಯಾಗಿತ್ತು. ಹುಟ್ಟಿ ಒಂದು ಗಳಿಗೆಯೂ ಆಗದ ತನ್ನ 'ಬೇಡ'ವನ್ನು ಅವಳು ಮೇಲೆ ಒಯ್ದರೆ ಊರಿಗೆ ಊರೇ ಕೊಡವುತ್ತದೆ, ಮೂವರೂ ಬೀದಿಗೆ ಬೀಳುತ್ತಾರೆ, ನೀರು ಉಸಿರೆಳೆದುಕೊಳ್ಳುವ ಆ ಸದ್ದು ಇನ್ನು ಯಾವತ್ತೂ ಇಲ್ಲ. ಅದನ್ನು ನುಂಗಿ ತೂಗಿದರೆ ಈಗಷ್ಟೇ ಸಿಕ್ಕಿದ ಕುತ್ತಿಗೆಯನ್ನು ಮತ್ತೆ ಊರಿಗೆ ಒಪ್ಪಿಸಿದ ಹಾಗೆ.

"ನಮಗೋಸ್ಕರ ಸುಳ್ಳು ತೂಗಬೇಡ ತಂಗೀ," ಎಂದಳು ಬಾಣಲೆಯವಳು. "ಭೂಮಿಯಲ್ಲಿ ಹಗೇವಿಗೇನು ಬರ. ನಿನಗೆ ಇನ್ನೊಂದು ಕುತ್ತಿಗೆ ಸಿಗುತ್ತಾ?"

ಮೇಲಿನಿಂದ ಡಂಗುರ ಕೇಳಿಸಿತು. ಹಿರಿಯ ಹಗೇವಿನ ಬಾಯಿಯ ಅಂಚಿಗೆ ಬಂದು ಬಗ್ಗಿದ.

"ತಾಯೀ, ಹೂವು ಬಾಡಿರಬೇಕು. ಮೇಲೆ ಬಾ. ಊರು ಕಾಯ್ತಾ ಇದೆ."

ಅವಳು ಏಣಿಯ ಒಂದು ಮೆಟ್ಟಿಲು ಹತ್ತಿದಳು. ನಿಂತಳು. ಇಳಿದಳು. ಮುಡಿಯಿಂದ ಕೇದಗೆ ತೆಗೆದು ಏಣಿಗೆ ಸಿಕ್ಕಿಸಿ, ಬೆಳಕಿನ ತಟ್ಟೆಯಿಂದ ಹಿಂದೆ ಸರಿದು ಕತ್ತಲಲ್ಲಿ ಕೂತಳು.

"ಹೇಳೋದಿದೆ," ಎಂದು ಕೂಗಿದಳು. "ಆದರೆ ಇಲ್ಲೇ ಹೇಳ್ತೀನಿ."

"ನಿನ್ನ ತಲೆ ಕಾಣ್ತಿಲ್ಲವಲ್ಲ!"

"ಕಾಣಬೇಕಾದರೆ ಇಳಿದು ಬನ್ನಿ."

ಮೇಲೆ ಗುಜುಗುಜು ಎದ್ದಿತು. ತಲೆ ಕಾಣಲೇಬೇಕು, ಅದು ಕಟ್ಟಳೆ. ಕಾಣಲು ಇಳಿಯಬಾರದೆಂದು ಕಟ್ಟಳೆಯಲ್ಲಿ ಎಲ್ಲೂ ಇರಲಿಲ್ಲ. ಹಿರಿಯ ಪಂಚೆ ಎತ್ತಿಕಟ್ಟಿ ಇಳಿದ. ಏಣಿಯ ಹತ್ತಿರ ಕೇದಗೆ ಕಂಡು ಕೈ ಜೋಡಿಸಿದ, ಅದರ ಕೆಳಗೆ ತಲೆಯಿಲ್ಲದ್ದು ಕಂಡು ಬೆಚ್ಚಿದ, ತಡವರಿಸುತ್ತ ಕತ್ತಲಿಗೆ ನಡೆದ. ಅವನ ಹಿಂದೆ ಸಾರುವವನು. ಅವನ ಹಿಂದೆ ಗಾಣದವನು, ಗಾಣದವನ ಹೆಂಡತಿ, ಮೊದಲ ತಲೆಯ ಗಂಡ, ಕೊನೆಗೆ ಹಾರೆಕೋಲು ಬಿಟ್ಟು ಬಂದ ಆ ನಾಲ್ವರು. ಇಡೀ ಊರಿನ ಜೋಳ ತುಂಬಿದ್ದ ಜಾಗದಲ್ಲಿ ಇಡೀ ಊರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿತು.

"ಎಲ್ಲಿದೀಯ ತಾಯಿ?" ಎಂದ ಹಿರಿಯ.

"ಇಲ್ಲೇ ಇದೀನಿ."

"ತಲೆ ತೂಗ್ತಿದೆಯೋ, ಕೊಡವ್ತಿದೆಯೋ?"

"ಶ್. ಕೇಳಿ."

ಕೊಡ ಬಗ್ಗಿತು. ಸೌಟು ಉಜ್ಜಿತು. ಊರಿನ ಕಣ್ಣುಗಳೆಲ್ಲ ಕತ್ತಲಲ್ಲಿ ಒಂದು ಹೂವನ್ನು ಹುಡುಕಿದವು, ಹುಡುಕಿ ಸೋತವು. ಕಣ್ಣು ಸೋತ ಮೇಲೆ ಬೇರೆ ದಾರಿಯಿಲ್ಲದೆ ಕಿವಿಗಳು ಕೆಲಸಕ್ಕೆ ಇಳಿದವು. ಆಮೇಲೆ ಒಂದು ಮೂಲೆಯಿಂದ ಒಂದು ದನಿ ಬಂತು.

"ಅಯ್ಯೋ ಸಾಕಪ್ಪಾ, ತಲೆನೋವು."

"ನಿನಗೆ ಸಾಕಾದರೆ ಏಣಿ ಅಲ್ಲಿದೆ," ಎಂದಿತು ಇನ್ನೊಂದು ದನಿ. "ನಾನು ಕೇಳ್ತಾ ಇದೀನಿ."

"ಏನು ಕೇಳ್ತೀಯ, ಬಾಣಲೆ ತಿಕ್ಕೋದನ್ನ? ಮನೆಗೆ ಬಾ, ದಿನಾ ತಿಕ್ಕಿ ಕೇಳಿಸ್ತೀನಿ."

"ನೀನು ತಿಕ್ಕಿದರೆ ಹೀಗೆ ಕೇಳಿಸಲ್ಲ ಕಣೇ!"

ಅದು ಗಾಣದವನು ಮತ್ತು ಅವನ ಹೆಂಡತಿ. ಹಾಡಿನ ಬಗ್ಗೆ ಆ ಊರಿನಲ್ಲಿ ಹುಟ್ಟಿದ ಮೊದಲ ಜಗಳ. ಸುತ್ತಲಿನವರು ಇಬ್ಬರನ್ನೂ ಬೈದು ಸುಮ್ಮನಾಗಿಸಿದರು. ಕೆಲವರು ಬೈದದ್ದು ಸದ್ದು ಕೇಳಿಸದೆ ಹೋಯಿತೆಂದು, ಕೆಲವರು ಹೆಂಡತಿಯ ಮಾತೇ ನಿಜ, ಗಂಡ ಬಾಯಿ ಮುಚ್ಚಲಿ ಎಂದು. ಎಲ್ಲಿಯೋ ಹಿಂದೆ ಒಬ್ಬರು ಅಳುತ್ತಿದ್ದರು. ಯಾಕೆಂದು ಕೇಳಿದರೆ, "ಗೊತ್ತಿಲ್ಲ, ನೀರು ಅಂದರೆ ನನಗೆ ಮೊದಲಿಂದಲೂ ಹಾಗೇ," ಎಂದರು.

ನುಡಿಸಾಣಿಕೆ ನಿಂತಾಗ ಎಲ್ಲರೂ ಒಬ್ಬೊಬ್ಬರಾಗಿ ಏಣಿ ಹತ್ತಿದರು. ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ನಿಂತರು. ಕೊನೆಗೆ ಅವಳು ಬಂದಳು, ಬರಿಯ ಮುಡಿಯಲ್ಲಿ. ಅಭ್ಯಾಸಬಲದಿಂದ ಎಲ್ಲ ಮುಖಗಳೂ ಅವಳ ಕಡೆ ತಿರುಗಿದವು.

"ಬಾಣಲೆ ನನಗೆ ಹಿಡಿಸಲಿಲ್ಲ," ಎಂದು ಅವಳು ತಲೆ ಕೊಡವಿದಳು. ಸುಳ್ಳು ಹೇಳಲಿಲ್ಲ, ಮುಚ್ಚಿಡಲೂ ಇಲ್ಲ. "ಕೊಡ ಇನ್ನೂ ಗೊತ್ತಾಗಿಲ್ಲ. ಕೇಳಿದ್ದು ನೀವೂ ತಾನೆ? ನಿಮ್ಮದು ನೀವು ನೋಡಿಕೊಳ್ಳಿ."

ಕುತ್ತಿಗೆಗಳಲ್ಲಿ ನರ ಎದ್ದವು. ಕೊಡವಲು ಹೊರಟ ತಲೆಗಳು ಅರ್ಧಕ್ಕೆ ನಿಂತವು. ನಿಜವಾಗಿ ಬೇಡವಾದವರು ಪೂರ್ತಿ ಕೊಡವಿದರು. ಸಾರುವವನು ಮುಖ ಕೆಂಪಾಗಿಸಿಕೊಂಡು, ಈಜು ಬಾರದವನು ನೀರಿಗಿಳಿದ ಹಾಗೆ, ಅವಳೆದುರೇ ತೂಗಿದ.

"ನನಗೆ ಬಾಣಲೆಯೇ ಹಿಡಿಸ್ತು ಅಕ್ಕಾ. ತಪ್ಪು ತಿಳೀಬೇಡ."

"ಅಯ್ಯೋ, ನನ್ನದೇನಪ್ಪ ಗಂಟು ಹೋಯಿತು!"

"ಚಪ್ಪಡಿ ಎಳೀರೋ," ಎಂದ ಹಿರಿಯ. ಅವನ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಹಾರೆಕೋಲಿನವರಲ್ಲಿ ಇಬ್ಬರು ಮುಂದೆ ಬಂದರು. ಇನ್ನಿಬ್ಬರು ಕೈ ಕಟ್ಟಿ ನಿಂತರು. ಅವರಿಗೆ ನಾಳೆ ಮತ್ತೆ ಕೊಡ ಕೇಳಬೇಕಿತ್ತು. ಇಬ್ಬರು ಎಷ್ಟು ತಿಣುಕಿದರೂ ನಾಲ್ವರ ಕಲ್ಲು ಅಲ್ಲಾಡಲಿಲ್ಲ.

"ಹಾಗಾದರೆ ಊರಿಗೆ ಇದು ಹಿಡಿಸಿತೋ, ಇಲ್ಲವೋ?" ಎಂದು ಹಿರಿಯ ಬಯಲಿಗೆಲ್ಲ ಕೇಳುವಂತೆ ಕೂಗಿದ. ಒಬ್ಬೊಬ್ಬರೂ ಒಂದೊಂದು ಹೇಳತೊಡಗಿದರು. ಅದು ಯಾವಾಗ ಮುಗಿಯಿತೋ, ಮುಗಿಯಿತೋ ಇಲ್ಲವೋ, ಅವಳಿಗೆ ತಿಳಿಯದು. ಅವಳು ಆಗಲೇ ಹೊರಟಿದ್ದಳು.

ಮಂಟಪ ಬರಿದಾಗಿತ್ತು. ಎಲ್ಲರೂ ಬಯಲಲ್ಲಿ ಜಗಳವಾಡುತ್ತಿದ್ದುದರಿಂದ ದಿನವೂ ಅಲ್ಲಿ ಹಾಡುವವನೊಬ್ಬನೇ ತಂಬೂರಿಯ ತಂತಿ ಬಿಗಿಮಾಡುತ್ತ ಕೂತಿದ್ದ. ಅವಳು ಎತ್ತರದ ಮಣೆಯನ್ನು ದಾಟಿ ಹೋಗಿ, ಹಿಂದಿನ ಸಾಲಿನಲ್ಲಿ, ಒಂದು ಕಂಬಕ್ಕೆ ಒರಗಿ ಕಾಲು ಚಾಚಿದಳು.

"ಯಾವುದು ಹಾಡಲಿ ತಾಯಿ?" ಎಂದ ಅವನು, ಗಾಬರಿಯಾಗಿ.

"ದಿನಾ ಹಾಡ್ತೀಯಲ್ಲ, ಅದೇ."

"ಅದನ್ನ ನೀವು ಸಾವಿರ ಸಲ ಕೇಳಿದೀರಿ."

"ಇಲ್ಲಪ್ಪ," ಎಂದು ಅವಳು ಕಣ್ಣು ಮುಚ್ಚಿದಳು. "ಮೊದಲಿಂದ ಹಾಡು. ಇದನ್ನ ನಾನಿನ್ನೂ ಕೇಳಿಲ್ಲ."